ಪಕ್ಕದ ಸೀಟು

ಜುಲೈ 13, ಭಾನುವಾರ

ಕಾರಿನಲ್ಲಿ ಎಂಜಿನ್ ತಣಿಸುವ ದ್ರವ, ಕೂಲೆಂಟ್, ಮತ್ತೆ ಇಳಿದಿದೆ. ಹೋದ ವಾರ ಮೇಲಿನ ಗೆರೆಯವರೆಗೆ ತುಂಬಿಸಿದ್ದು ಈಗ ಕೆಳಗಿನ ಗೆರೆಯನ್ನೂ ದಾಟಿದೆ. ಕಾರಿನ ಅಡಿಗೆ ರಟ್ಟು ಹಾಸಿಟ್ಟಿದ್ದೆ, ರಟ್ಟು ಒಣಗಿದೆ. ಹೊಗೆ ಬೆಳ್ಳಗಿಲ್ಲ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತದೆ?

ಪಂಪ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸವೇ ಇದು: ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ತಾಳೆ ನೋಡುವುದು. ನನ್ನ ಸ್ವಂತ ಕಾರಿನಲ್ಲಿ ತಾಳೆ ಬೀಳುತ್ತಿಲ್ಲ.

ಮೆಕ್ಯಾನಿಕ್ ದಂಡಪಾಣಿ ಬಂದು ನೋಡಿದ. ಅನ್ನೂರು ಕಡೆಯ ನೇಕಾರರ ಮನೆಯವನು, ಮನೆಮಾತು ಕನ್ನಡ, ರೇಸ್ ಕಾರುಗಳ ನಡುವೆ ಕೆಲಸ ಕಲಿತವನು. ಬಾನೆಟ್ ಒಳಗೆ ತಲೆ ಹಾಕಿ, ಹೊರಗೆ ತೆಗೆದು, ಕೂಲೆಂಟ್ ತೊಟ್ಟಿಯ ಮುಚ್ಚಳ ತಿರುಗಿಸಿ ತೋರಿಸಿದ.

"ರಬ್ಬರ್ ಹೋಗೈತೆ ಅಕ್ಕಾ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಹೊಸ ಮುಚ್ಚಳ ಹಾಕಿದ ಮೇಲೂ ಇಳಿದ್ರೆ ಈ ಮೀಸೆ ಬೋಳಿಸಿ ಎಡುತ್ತುಬಿಡ್ತೀನಿ."

ಅಪ್ಪ ವರಾಂಡದಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದರು. ಕಾರು ಬಂದು ವರ್ಷವಾಗುತ್ತ ಬಂದರೂ ಅವರು ಅದರಲ್ಲಿ ಕೂತಿಲ್ಲ. ಬಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ವಕೀಲರಾಗಿದ್ದಾಗ ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ನೋಡುತ್ತಿದ್ದ ರೀತಿಯಲ್ಲೇ ನೋಡಿ, "ಮೂರು ಜನ ಇರೋ ಮನೆಗೆ ಎರಡು ಸೀಟಿನ ಕಾರು. ನಿನ್ನ ಲೆಕ್ಕ ಇದರಲ್ಲೇ ಗೊತ್ತಾಗತ್ತೆ" ಎಂದಿದ್ದರು. ಆಮೇಲೆ ಆ ವಿಷಯ ಎತ್ತಿಲ್ಲ. ನಾವಿಬ್ಬರೂ ಯಾವ ವಿಷಯವನ್ನೂ ಎರಡನೇ ಸಲ ಎತ್ತುವವರಲ್ಲ.

ಸಂಜೆ ಒಬ್ಬಳೇ ಆನೈಮಲೈವರೆಗೆ ಹೋಗಿ ಬಂದೆ. ಪಕ್ಕದ ಸೀಟಿನಲ್ಲಿ ಎಂದಿನಂತೆ ಪುಸ್ತಕದ ಚೀಲ. ತೋಟಗಳ ಬಳಿ ಕಾರು ನಿಲ್ಲಿಸಿ ಪೋರ್ಚುಗೀಸ್ ಕಾದಂಬರಿಯ ಅನುವಾದ ಓದಿದೆ. ಕಾರಿನೊಳಗೆ ಕಾಯಿಸಿದ ಬೆಲ್ಲದಂಥ ವಾಸನೆ. ಹೋದ ತಿಂಗಳು ಇದೇ ದಾರಿಯಲ್ಲಿ ಬೆಲ್ಲ ತಂದಿದ್ದೆ, ಅದರದ್ದಿರಬೇಕು.

ಜುಲೈ 20, ಭಾನುವಾರ

ಹೊಸ ಮುಚ್ಚಳ ಹಾಕಿದ ಮೇಲೂ ಇಳಿದಿದೆ. ದಂಡಪಾಣಿಯ ಮೀಸೆ ಇನ್ನೂ ಇದೆ. "ಒಂದು ಚಾನ್ಸ್ ಕೊಡಿ ಅಕ್ಕಾ" ಎಂದ. ಈಗ ಅವನ ಅನುಮಾನ ಎಂಜಿನ್ನಿನೊಳಗೆ ಎಣ್ಣೆ, ಕೂಲೆಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಮೇಲೆ. ಸ್ವಲ್ಪ ಕೂಲೆಂಟನ್ನು ಬಾಟಲಿಗೆ ಹಿಡಿದು, ಅಲುಗಾಡಿಸದೆ ಎರಡು ದಿನ ಇಡಬೇಕು. ಮೇಲೆ ಎಣ್ಣೆ ತೇಲಿದರೆ ಗ್ಯಾಸ್ಕೆಟ್ ಹೋಗಿದೆ ಎಂದರ್ಥ.

ಖಾಲಿ ನೀರಿನ ಬಾಟಲಿಗೆ ಹಿಡಿದೆ. ಕೇಸರಿ ಕದಡಿದ ನೀರಿನ ಬಣ್ಣ. ಲ್ಯಾಬಿನ ಅಭ್ಯಾಸದಂತೆ ಚೀಟಿ ಅಂಟಿಸಿ, "ಕಾರು, ಭಾನುವಾರ" ಎಂದು ಬರೆದೆ. ಹೊರಗೆ ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಬಕೆಟ್‌ಗಳನ್ನೇ ಉರುಳಿಸುತ್ತಿದೆ. ಆದ್ದರಿಂದ ಬಾಟಲಿಯನ್ನು ಹಜಾರದ ಗೂಡಿನಲ್ಲಿ ಇಟ್ಟೆ. ಅಲ್ಲಿ ಗಾಳಿ ಬರುವುದಿಲ್ಲ.

ಅಮ್ಮ ದೇವಸ್ಥಾನಕ್ಕೆ ಹೋಗಿದ್ದಳು. ನಾಳೆ ಏಕಾದಶಿ. ಅಪ್ಪ ಈ ವಯಸ್ಸಿನಲ್ಲೂ ನೀರು ಮುಟ್ಟುವುದಿಲ್ಲ.

ಜುಲೈ 22, ಮಂಗಳವಾರ

ಅಪ್ಪ ಐಸಿಯುನಲ್ಲಿ.

ನನ್ನ ಬಾಟಲಿಯನ್ನು ಅಮ್ಮ ತೊಳೆದು ಒಲೆಯ ಪಕ್ಕ ಬೋರಲು ಹಾಕಿದ್ದಾಳೆ. ಚೀಟಿ ನೆನೆದು ಅರ್ಧ ಬಿಟ್ಟಿದೆ.

ಜುಲೈ 24, ಗುರುವಾರ

ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯಬೇಕು. ನಿನ್ನೆಯಿಂದ ಇದೇ ವಾಕ್ಯವನ್ನು ಬರೆದು ಹೊಡೆದು ಹಾಕುತ್ತಿದ್ದೇನೆ.

ಮಂಗಳವಾರ ದ್ವಾದಶಿ. ಅಪ್ಪ ಬೆಳಕು ಹರಿಯುವ ಮೊದಲೇ ಪೂಜೆ ಮುಗಿಸಿದರು. ನಾನು ಆಫೀಸಿಗೆ ಹೊರಡುತ್ತಿದ್ದಾಗ ಅವರು ಆರಾಮ ಕುರ್ಚಿಯಲ್ಲಿ ಕುಳಿತು ತಮ್ಮಷ್ಟಕ್ಕೆ ನಗುತ್ತಿದ್ದರು. ಅಪ್ಪ ನಗುವುದನ್ನು ನಾನು ಅಷ್ಟಾಗಿ ನೋಡಿಲ್ಲ. "ಅಂಬುಜಾ, ನಿನ್ನ ಸೀರೆ ಎರಡೆರಡು ಕಾಣತ್ತೆ" ಎಂದರು ಅಮ್ಮನಿಗೆ. ಮಾತು ತೊದಲುತ್ತಿತ್ತು. ಅಮ್ಮ ಉಪವಾಸದ ನಿಶ್ಶಕ್ತಿ ಎಂದುಕೊಂಡು ತಟ್ಟೆ ಹಾಕಿದಳು. ಬೆಳಗಿನ ಪಾರಣೆಯ ಊಟಕ್ಕೆಂದು ಎದ್ದವರು ಬಾಗಿಲ ಹತ್ತಿರ ಬಿದ್ದರು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದು ಸ್ಕ್ಯಾನ್ ಮಾಡಿದರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ತಂದೆ ಕುಡಿಯುತ್ತಾರಾ ಎಂದು ತಮಿಳಿನಲ್ಲಿ ಕೇಳಿದರು. ಕೇಳಿದ ರೀತಿ ಸಭ್ಯವಾಗಿಯೇ ಇತ್ತು. ಆದರೂ ನನ್ನ ಮುಖ ಬಿಸಿಯಾಯಿತು. ಆಮೇಲೆ ಹಿರಿಯ ಡಾಕ್ಟರ್ ತಮಿಳ್‌ಸೆಲ್ವಿ ಬಂದರು. ರಕ್ತದಲ್ಲಿ ಆಮ್ಲ ಏರುತ್ತಿದೆ, ಕಾರಣ ತಿಳಿಯುತ್ತಿಲ್ಲ, ಕೊನೆಯದಾಗಿ ಏನು ತಿಂದರು, ಏನು ಕುಡಿದರು ಎಂದರು.

ಅಮ್ಮ ಬೆಂಚಿನ ಮೇಲಿಂದಲೇ ಹೇಳಿದಳು: "ಏನೂ ಇಲ್ಲ. ಜಾನಕಿ ಕಳಿಸಿದ ಮಠದ ತೀರ್ಥ ಅಷ್ಟೇ. ಚೊಂಬಿಗೆ ಬಗ್ಗಿಸಿ ಇಟ್ಟಿದ್ದೆ. ಮೂರು ಸಲ ತಗೊಂಡ್ರು. ಮಿಕ್ಕಿದ್ದನ್ನ ಚೆಲ್ಲಬಾರದು ಅಂತ ಎತ್ತಿ ಕುಡಿದ್ರು. ದಾಹ ಇತ್ತಲ್ಲ."

ಡಾಕ್ಟರ್ ತೀರ್ಥ ಎಂದರೇನು ಎಂದರು. ನೀರು ಎಂದೆ ನಾನು. ನೀರು, ಸ್ವಲ್ಪ ಕೇಸರಿ, ಪಚ್ಚಕರ್ಪೂರ. ನನ್ನ ಬಾಯಿಂದಲೇ ಬಂದ ಉತ್ತರ ಅದು.

ಅಷ್ಟರಲ್ಲಿ ತಿರುಪ್ಪೂರಿನಿಂದ ಜಾನಕಿಯಮ್ಮ ಅತ್ತೆಯ ಫೋನ್. ಅಣ್ಣ ಬಿದ್ದರಂತೆ, ನಾನು ಹೊರಟೆ ಎಂದು ಅಳುತ್ತಿದ್ದಳು. ಕೊನೆಯಲ್ಲಿ, "ತೀರ್ಥದ ಬಾಟ್ಲೀನೂ ತರ್ತೀನಿ. ಭಾನುವಾರ ಕಳಿಸೋಣ ಅಂದ್ರೆ ತಗೊಂಡು ಹೋಗಬೇಕಿದ್ದ ಹುಡುಗ ಬರಲೇ ಇಲ್ಲ" ಎಂದಳು.

"ಅದು ಆಗಲೇ ಬಂತಲ್ಲ ಅತ್ತೆ."

"ಎಲ್ಲಿ ಬಂತು? ಇಲ್ಲೇ ಇದೆ, ನನ್ನ ಕಣ್ಣೆದುರಿಗೆ."

ನಾನು ಅಮ್ಮನ ಕಡೆ ತಿರುಗಿದೆ. ಯಾವ ಬಾಟಲಿ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿರಬೇಕು.

"ಹಜಾರದ ಗೂಡಲ್ಲಿತ್ತಲ್ಲ. ಹಳದಿಗೆ. ಯಾರೋ ಕೊಟ್ಟು ಹೋಗಿದ್ದಾರೆ ಅಂದುಕೊಂಡೆ. ಕನ್ನಡ ಅಕ್ಷರ ಇತ್ತಲ್ಲ, ಮಠದ್ದೇ ಇರಬೇಕು ಅಂತ."

ಅಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಅವಳು ಓದುವುದು ತಮಿಳು. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಇರುವುದು ಮಠದಿಂದ ಬರುವ ಪಂಚಾಂಗದ ಮೇಲೆ, ಪ್ರಸಾದದ ಪೊಟ್ಟಣದ ಮೇಲೆ, ದೇವರ ಮನೆಯ ಪುಸ್ತಕಗಳ ಮೇಲೆ. ಮತ್ತು ನನ್ನ ಮೇಜಿನ ಮೇಲೆ.

ಎತ್ತಿ ಕುಡಿಯುವಾಗ ತುಟಿಗೆ ತಾಗುವುದಿಲ್ಲ. ನೇರ ಗಂಟಲಿಗೆ ಹೋಗುತ್ತದೆ. ರುಚಿ ತಿಳಿಯುವಷ್ಟರಲ್ಲಿ ಚೊಂಬು ಖಾಲಿಯಾಗಿರುತ್ತದೆ.

ಬಾಟಲಿಯಲ್ಲಿ ಏನಿತ್ತೆಂದು ಡಾಕ್ಟರಿಗೆ ಹೇಳಿದೆ. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು.

ಜುಲೈ 25, ಶುಕ್ರವಾರ

ನಿನ್ನೆ ಅಲ್ಲಿಗೆ ನಿಲ್ಲಿಸಿದ್ದೆ.

ಡಾಕ್ಟರ್ ಹೇಳಿದ್ದು ಇಷ್ಟು: ಕೂಲೆಂಟ್ ಹಾಗೇ ಇದ್ದಾಗ ಅಷ್ಟು ಕೆಡುಕಲ್ಲ. ಲಿವರ್ ಅದನ್ನು ಕರಗಿಸಿದಾಗ ಹುಟ್ಟುವುದು ವಿಷ. ಅದು ಕಿಡ್ನಿಯನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಅದನ್ನು ತಡೆಯುವ ಇಂಜೆಕ್ಷನ್ ಊರಿನಲ್ಲಿ ಸಿಗುತ್ತಿಲ್ಲ, ಚೆನ್ನೈಯಿಂದ ಬರಬೇಕು. ಅಲ್ಲಿಯವರೆಗೆ ಒಂದೇ ದಾರಿ, ಮದ್ಯ. ಲಿವರ್ ಮದ್ಯವನ್ನು ಮೊದಲು ಕೈಗೆತ್ತಿಕೊಳ್ಳುತ್ತದೆ, ಕೂಲೆಂಟ್ ಕಾಯುತ್ತ ಕೂರುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಅದನ್ನು ರಕ್ತದಿಂದ ತೆಗೆಯಬೇಕು. ಬ್ರಾಂದಿಯಾದರೂ ಆದೀತು, ನೀರು ಬೆರೆಸಿ ಮೂಗಿನ ನಳಿಕೆಯಲ್ಲಿ ಹಾಕುತ್ತೇವೆ, ತನ್ನಿ ಎಂದರು.

ನನಗೆ ನಗು ಬಂತು. ಅದನ್ನು ಬರೆಯದೆ ಬಿಡಲಾರೆ. ಈರುಳ್ಳಿ ಒಳಗೆ ಬಾರದ ಮನೆಯ ನನ್ನ ಅಪ್ಪ ವ್ಯಾಸರಾಯರಿಗೆ, ದ್ವಾದಶಿಯ ದಿನ, ಬ್ರಾಂದಿ.

ಸರ್ಕಾರಿ ಮದ್ಯದಂಗಡಿ ತೆರೆಯುವುದು ಮಧ್ಯಾಹ್ನ. ಕಾಯುವ ಹಾಗಿರಲಿಲ್ಲ. ಕಾರಿಗೆ ತುಂಬಿಸಿದ್ದು ಯಾವ ಕೂಲೆಂಟ್ ಎಂದು ಡಾಕ್ಟರಿಗೆ ತಿಳಿಯಬೇಕಿತ್ತು, ಅದಕ್ಕೆ ದಂಡಪಾಣಿಗೆ ಫೋನ್ ಮಾಡಿದೆ. ಅವನು ಹೆಸರು ಹೇಳಿ, ಯಾಕೆ ಅಕ್ಕಾ ಎಂದ. ಹೇಳಿದೆ. "ನಮ್ಮ ಮನೇಲಿ ಒಂದು ಬ್ರಾಂದಿ ಬಾಟ್ಲಿ ಐತೆ. ಬರ್ತೀನಿ" ಎಂದ.

ಗ್ರೀಸು ಅಂಟಿದ ಅಂಗಿಯಲ್ಲೇ ಬಂದ. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿದ್ದ.

"ಮುಕ್ಕಾಲು ಇದೆ ಅಕ್ಕಾ. ಕಾಲು ನಾನು ಕುಡಿದಿದ್ದೆ. ಮನ್ನಿಸಿಬಿಡಿ."

ಇನ್ನು ಅಮ್ಮನಿಗೆ ಹೇಳಬೇಕಿತ್ತು. ಡಾಕ್ಟರ್ ತಮಿಳಿನಲ್ಲಿ ವಿವರಿಸಿದರು. ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಪೂರ್ತಿ ಕೇಳಿಸಿಕೊಂಡಳು. ಅಳುತ್ತಾಳೆ, ಬೇಡ ಎನ್ನುತ್ತಾಳೆ, ಆಚಾರ್ಯರನ್ನು ಕೇಳಬೇಕು ಎನ್ನುತ್ತಾಳೆ ಎಂದು ನಾನು ಉತ್ತರಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

"ಎಚ್ಚರ ಬಂದ್ರೆ ಕುಡಿಯಲ್ಲ ಅವರು" ಎಂದಳು ಅಮ್ಮ. "ಎಚ್ಚರ ಇಲ್ಲದಾಗಲೇ ಹಾಕಿಬಿಡಿ."

ಜುಲೈ 26, ಶನಿವಾರ

ಮೂತ್ರ ಇಲ್ಲ. ಮತ್ತೆ ಡಯಾಲಿಸಿಸ್.

ಜುಲೈ 27, ಭಾನುವಾರ

ಕಾರನ್ನು ಮಾರುತ್ತೇನೆ.

ಮಾರುವ ಮೊದಲು ದೋಷ ಏನೆಂದು ಗೊತ್ತಾಗಬೇಕು. ತಾಳೆ ಬೀಳದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಸರಿಯಲ್ಲ. ದಂಡಪಾಣಿ ಪ್ರೆಷರ್ ಪಂಪ್ ತಂದು ಕೂಲೆಂಟ್ ತೊಟ್ಟಿಗೆ ಜೋಡಿಸಿ ಗಾಳಿ ಹಾಕಿದ. ಪಂಪಿನ ಮೀಟರಿನ ಮುಳ್ಳು ಬಹಳ ಹೊತ್ತು ನಿಂತಿತ್ತು. ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಎಲ್ಲೋ ಸೋರುತ್ತಿದೆ, ಬಹಳ ನಿಧಾನ. ಹೋಸುಗಳನ್ನೆಲ್ಲ ಕೈಯಿಂದ ಸವರಿ ನೋಡಿದೆವು. ವಾಟರ್ ಪಂಪ್ ಒಣಗಿದೆ. ರೇಡಿಯೇಟರ್ ಒಣಗಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು, ಒಣಗಿವೆ. ಗ್ಯಾಸ್ಕೆಟ್ ಚೆನ್ನಾಗಿದೆ.

ಅಂದರೆ ಆ ಬಾಟಲಿಯಲ್ಲಿ ಎರಡು ದಿನ ಇಟ್ಟಿದ್ದರೂ ಎಣ್ಣೆ ತೇಲುತ್ತಿರಲಿಲ್ಲ. ಆ ಪರೀಕ್ಷೆಯೇ ಬೇಕಿರಲಿಲ್ಲ.

ಈ ಪುಟದಲ್ಲಿ ಅಪ್ಪನ ಬಗ್ಗೆ ಏನೂ ಬರೆದಿಲ್ಲ ಎಂದು ಈಗ ಕಾಣುತ್ತಿದೆ. ಅವರು ಕಣ್ಣು ಬಿಟ್ಟಿದ್ದಾರೆ. ನನ್ನನ್ನು ನೋಡಿ, ಗುರುತು ಹಿಡಿದು, ಕಣ್ಣು ಮುಚ್ಚಿಕೊಂಡರು.

ಜುಲೈ 30, ಬುಧವಾರ

ಅಮ್ಮ ದೇವರ ಮನೆಯೊಳಗೆ ಕಾಲಿಡುತ್ತಿಲ್ಲ. ದೀಪ ಹಚ್ಚುವುದು ಅತ್ತೆ. ಅಮ್ಮ ಅಡುಗೆಮನೆಯಲ್ಲಿ ಕುಡಿಯುವ ನೀರನ್ನೂ ಗಾಜಿನ ಲೋಟಕ್ಕೆ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಇವತ್ತು ನನಗೂ ಹಾಗೆ ನೋಡಿಯೇ ಕೊಟ್ಟಳು.

"ಬಾಟ್ಲಿ ಇಟ್ಟದ್ದು ನಾನು ಅಮ್ಮಾ" ಎಂದೆ.

"ಇಟ್ಟದ್ದು ನೀನು. ಬಗ್ಗಿಸಿದ್ದು ನಾನು."

ಅವಳು ಲೋಟ ತೊಳೆಯಲು ತಿರುಗಿದಳು.

ಪೋರ್ಚುಗೀಸ್ ಕಾದಂಬರಿಯ ಗುರುತಿನ ದಾರ ಜುಲೈ ಹದಿಮೂರರಂದು ಓದಿ ನಿಲ್ಲಿಸಿದ ಪುಟದಲ್ಲೇ ಇದೆ. ತೆರೆದೆ. ಅಕ್ಷರ ಕಾಣುತ್ತದೆ, ಅರ್ಥ ಹತ್ತಿರ ಬರುವುದಿಲ್ಲ.

ಆಗಸ್ಟ್ 2, ಶನಿವಾರ

ಮೂತ್ರ ಬರುತ್ತಿದೆ. ಇಂಥ ವಾಕ್ಯವನ್ನು ಇಷ್ಟು ಸಂತೋಷದಿಂದ ಬರೆಯುತ್ತೇನೆಂದು ಎಣಿಸಿರಲಿಲ್ಲ. ಕಿಡ್ನಿ ಎದ್ದೇಳುತ್ತಿದೆ, ಪೂರ್ತಿ ಏಳುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರ್ ತಮಿಳ್‌ಸೆಲ್ವಿ.

ಸಂಜೆ ವಾರ್ಡಿನಲ್ಲಿ ಅಪ್ಪ ಕೇಳಿದರು: "ನನಗೆ ಏನಾಯಿತು ಅಂತ ಯಾರೂ ನೇರವಾಗಿ ಹೇಳ್ತಿಲ್ಲ. ನೀನು ಹೇಳು."

ಅಮ್ಮ ಕಿಟಕಿಯ ಕಡೆ ತಿರುಗಿದಳು. ನಾನು ಹೇಳಿದೆ. ಬಾಟಲಿ, ಚೀಟಿ, ಗೂಡು, ಚೊಂಬು. ಆಮೇಲೆ ಬ್ರಾಂದಿ. ಅಪ್ಪ ಮೇಲಿನ ಫ್ಯಾನ್ ನೋಡುತ್ತ ಕೇಳಿಸಿಕೊಂಡರು.

"ಸಿಹಿಯಾಗಿತ್ತು" ಎಂದರು. "ಪಚ್ಚಕರ್ಪೂರ ಮರೆತಿದ್ದಾರೆ ಅಂದುಕೊಂಡೆ. ತೀರ್ಥದ ರುಚಿ ಸರಿ ಇಲ್ಲ ಅಂತ ಯಾರಾದರೂ ಉಗುಳ್ತಾರಾ?"

ಆಮೇಲೆ ನನ್ನ ಕಡೆ ತಿರುಗಿ: "ಪ್ರಾಯಶ್ಚಿತ್ತ ಯಾವುದಕ್ಕೆ ಮಾಡಿಕೊಳ್ಳಲಿ? ಕೂಲೆಂಟಿಗೋ, ಬ್ರಾಂದಿಗೋ?"

ನಾನು ಹೊದಿಕೆ ಸರಿಮಾಡಿದೆ. ಅಪ್ಪನೇ ಮತ್ತೆ ಕೇಳಿದರು:

"ಯಾವ ಬ್ರಾಂದಿ?"

"ದಂಡಪಾಣಿ ತಂದದ್ದು."

"ಹಾಗಾದ್ರೆ ಸುಮಾರಾದದ್ದೇ ಇರಬೇಕು."

ಅಮ್ಮನ ಬೆನ್ನು ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು.

ಆಗಸ್ಟ್ 10, ಭಾನುವಾರ

ಅಪ್ಪ ಮನೆಗೆ ಬಂದು ಮೂರನೇ ದಿನ.

ಬೆಳಿಗ್ಗೆ ಗೋಡೆ ಹಿಡಿದು ದೇವರ ಮನೆಗೆ ಹೋದರು. ಮಣೆಯ ಮೇಲೆ ಕೂರಲಾಗದೆ ಸ್ಟೂಲು ತರಿಸಿಕೊಂಡರು. ಪೂಜೆ ಚಿಕ್ಕದಾಗಿ ಮುಗಿಯಿತು. ನಾನು ಹಜಾರದಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆ.

"ಅಂಬುಜಾ, ತೀರ್ಥ."

ಅಮ್ಮ ಅಡುಗೆಮನೆಯಿಂದ ಬಂದು ಹೊಸ್ತಿಲ ಹೊರಗೇ ನಿಂತಳು. "ಅಲ್ಲೇ ಇದೆಯಲ್ಲ. ನೀವೇ ತಗೊಳ್ಳಿ."

"ಕೈ ನಡುಗತ್ತೆ. ಚೆಲ್ಲತ್ತೆ. ನೀನೇ ಹಾಕು."

"ಮಾಧವೀನ ಕರೀತೀನಿ." ಅಮ್ಮ ನನ್ನ ಕಡೆ ನೋಡಿದಳು.

"ಮಾಧವಿ ಬೇಡ."

ಅಮ್ಮ ಒಳಗೆ ಹೋದಳು. ಉದ್ಧರಣೆ ತೆಗೆದುಕೊಂಡಳು. ಅಪ್ಪ ಅಂಗೈ ಬಟ್ಟಲು ಮಾಡಿ ಮುಂದೆ ಚಾಚಿದ್ದರು, ಆ ಕೈ ನಿಜವಾಗಿಯೂ ನಡುಗುತ್ತಿತ್ತು. ಅಮ್ಮ ಚಮಚವನ್ನು ಆ ಕೈಯವರೆಗೆ ಒಯ್ದು, ಹಿಂದಕ್ಕೆ ತೆಗೆದು, ತನ್ನ ಅಂಗೈಗೆ ಹಾಕಿಕೊಂಡು ಕುಡಿದಳು. ಐವತ್ತು ವರ್ಷದಲ್ಲಿ ಅವಳು ಅಪ್ಪನಿಗಿಂತ ಮೊದಲು ತೀರ್ಥ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಾರರು. ಕುಡಿದು, ಹಾಗೇ ನಿಂತಳು. ಕಾದಳು. ಅಪ್ಪನ ಕೈ ಚಾಚಿದ್ದಲ್ಲೇ ಇತ್ತು, ಅವರು ಬೇಗ ಮಾಡು ಎನ್ನಲಿಲ್ಲ.

ಆಮೇಲೆ ಅವರ ಕೈಗೆ ಹಾಕಿದಳು. ಮೂರು ಸಲ.

ನನ್ನ ಪತ್ರಿಕೆ ತಲೆಕೆಳಗಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಆಗಸ್ಟ್ 14, ಗುರುವಾರ

ಇವತ್ತು ಅಪ್ಪನ ತಪಾಸಣೆ. ನಾನು ರಜೆ ಹಾಕಿ ಟ್ಯಾಕ್ಸಿ ಕರೆಯುತ್ತಿದ್ದೆ.

"ಅದನ್ನ ಮಾರ್ತೀಯಂತೆ?" ಎಂದರು, ಕಾರಿನ ಕಡೆ ಗದ್ದ ಎತ್ತಿ.

"ಹೌದು."

"ಮಾರೋ ಮುಂಚೆ ಒಂದ್ಸಲ ಕೂತು ನೋಡ್ತೀನಿ."

ಅಮ್ಮ, "ಹಳ್ಳಕ್ಕೆ ಇಳಿದ ಹಾಗೆ ಇಳೀಬೇಕು ಅದಕ್ಕೆ. ಆಮೇಲೆ ಎತ್ತೋರು ಯಾರು?" ಎಂದಳು. ಅವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

ಪುಸ್ತಕದ ಚೀಲವನ್ನು ಹಿಂದಿನ ಡಿಕ್ಕಿಗೆ ಹಾಕಿದೆ. ಆ ಸೀಟಿನಲ್ಲಿ ಈವರೆಗೆ ಕೂತದ್ದು ಅದೊಂದೇ. ಅಪ್ಪ ಚಪ್ಪಲಿಯನ್ನು ಹೊರಗೆ ಬಿಟ್ಟರು. ಪೂಜೆಯಾದ ಗಾಡಿಗೆ ಅವರು ಚಪ್ಪಲಿ ಹಾಕಿ ಹತ್ತುವವರಲ್ಲ, ಹಳೆಯ ಸ್ಕೂಟರನ್ನೂ ಬರಿಗಾಲಲ್ಲೇ ಓಡಿಸುತ್ತಿದ್ದರು. ಚಪ್ಪಲಿಯನ್ನು ನಾನು ಚೀಲದ ಪಕ್ಕ ಇಟ್ಟೆ.

ಆರ್.ಎಸ್. ಪುರಂ ಬಡಾವಣೆ ದಾಟಿದೆವು. ಗಾಳಿಗೆ ಅವರ ಶಲ್ಯ ಹಾರುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಕಾರನ್ನು, ಆಮೇಲೆ ಅಪ್ಪನ ನಾಮವನ್ನು, ಮತ್ತೆ ಕಾರನ್ನು ನೋಡಿದ. ಅಪ್ಪ ಅವನಿಗೆ ಗಂಭೀರವಾಗಿ ತಲೆಯಾಡಿಸಿದರು.

ಹಸಿರು ದೀಪ ಬಿತ್ತು. ಆಗ ಅಪ್ಪ, "ಮಾಧವಿ, ಕಾಲಡಿ ಒದ್ದೆ ಇದೆಯಲ್ಲ" ಎಂದರು.

ಮಳೆ ಬಂದಿಲ್ಲ. ಕಾರು ತೊಳೆದಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ, ಆ ಕಡೆಗೆ ಹೋಗಿ ಬಾಗಿಲು ತೆರೆದು, ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗಿನ ಕಾರ್ಪೆಟ್ ನೀರುಂಡ ಸ್ಪಂಜಾಗಿತ್ತು. ಅಪ್ಪನ ಹಿಮ್ಮಡಿ ಒತ್ತಿದಲ್ಲಿ ಹಳದಿ ನೀರು ಮ್ಯಾಟಿನ ಅಂಚಿಗೆ ಬಂದು ನಿಂತಿತ್ತು. ಮೂಗಿನ ಹತ್ತಿರ ಬೆರಳು ತಂದೆ. ಬೆಲ್ಲದ ವಾಸನೆ.

ಇಷ್ಟು ದಿನ ಅದು ಎಲ್ಲಿಗೂ ಹೋಗಿರಲಿಲ್ಲ. ನನ್ನ ಪಕ್ಕದಲ್ಲೇ ಇತ್ತು.

ನಾನು ಅವರ ಕಾಲನ್ನು ಹೊರಗೆ ಎಳೆದುಕೊಂಡು ದುಪಟ್ಟಾದಿಂದ ಒರೆಸಿದೆ. ಬೆರಳ ಸಂದಿಗಳನ್ನೂ ಒರೆಸಿದೆ. ಬಾಟಲಿಯ ನೀರು ಸುರಿದು ಮತ್ತೆ ಒರೆಸಿದೆ. ಸುರಿಯುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ.

"ಕುಡಿದೇ ಉಳಿದಿದೀನಿ" ಎಂದರು ಅಪ್ಪ. "ಕಾಲಿಗೆ ತಾಗಿದ್ರೆ ಏನಾಗತ್ತೆ? ಸಾಕು ಬಿಡಮ್ಮಾ."

ನಾನು ಬಿಡಲಿಲ್ಲ. ಅವರ ಕೈ ನನ್ನ ತಲೆಯ ಮೇಲೆ ಇತ್ತು. ಕೆಳಗೆ ಬೀಳದಿರಲು ಹಿಡಿದುಕೊಂಡಿದ್ದರು ಎಂದು ಕಾಣುತ್ತದೆ.

ಆಗಸ್ಟ್ 17, ಭಾನುವಾರ

ದಂಡಪಾಣಿ ಬಂದ. ಮೀಸೆ ಇಲ್ಲ. ಅಮ್ಮನಿಗೆ ಗುರುತೇ ಸಿಗದೆ, ಯಾರು ಬೇಕಪ್ಪಾ ಎಂದು ತಮಿಳಿನಲ್ಲಿ ಕೇಳಿದಳು.

"ಹೀಟರ್ ಅಕ್ಕಾ" ಎಂದ, ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿಕೊಂಡೇ. "ಚಳಿ ದೇಶದೋರ ಗಾಡಿ. ಬಿಸಿಗಾಳಿಗೆ ಅಂತ ಇಲ್ಲಿ ಒಂದು ಚಿಕ್ಕ ರೇಡಿಯೇಟರ್ ಐತೆ, ಎಂಜಿನ್ ಕೂಲೆಂಟೇ ಇದರೊಳಗೂ ಸುತ್ತುತ್ತೆ. ಅದು ತೂತಾಗೈತೆ. ನಮ್ಮೂರಲ್ಲಿ ಹೀಟರ್ ಯಾರು ಹಾಕ್ತಾರೆ? ಇದು ಇರೋದೇ ನನಗೆ ನೆನಪಿಗೆ ಬರಲಿಲ್ಲ."

ನನಗೂ ಬರಲಿಲ್ಲ ಎಂದೆ.

ಹೀಟರಿಗೆ ಹೋಗುವ ಹೋಸನ್ನೂ ಅಲ್ಲಿಂದ ಬರುವ ಹೋಸನ್ನೂ ಬಿಚ್ಚಿ, ಎರಡನ್ನೂ ಒಂದು ತುಂಡು ಪೈಪಿನಿಂದ ಸೇರಿಸಿ ಕ್ಲಿಪ್ ಬಿಗಿದ. ಅಷ್ಟೇ ಕೆಲಸ. ಕಾರ್ಪೆಟ್ ಕಿತ್ತು ತೊಳೆದು ಬಿಸಿಲಿಗೆ ಹಾಕಿದೆವು. ತೆಗೆದ ಹಳೆಯ ಕೂಲೆಂಟನ್ನು ಅವನ ಎಣ್ಣೆ ಡಬ್ಬಕ್ಕೇ ಸುರಿಸಿ, ಅವನ ಗಾಡಿಗೆ ಏರಿಸಿ, ಅದು ಬೀದಿಯ ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತಿದ್ದೆ.

"ಇನ್ನು ಬಿಸಿಗಾಳಿ ಬರಲ್ಲ" ಎಂದು ಅಪ್ಪನಿಗೆ ಹೇಳಿದೆ. "ಊಟಿಗೆ ಹೋದರೆ ಚಳಿಯಾಗುತ್ತದೆ."

"ಶಾಲು ಹೊದ್ದುಕೊಂಡ್ರಾಯ್ತು" ಎಂದರು ಅಪ್ಪ.

ಆಗಸ್ಟ್ 24, ಭಾನುವಾರ

ಕೂಲೆಂಟ್ ಮೇಲಿನ ಗೆರೆಯಲ್ಲೇ ಇದೆ. ಒಳಗೆ ಹೋದದ್ದಕ್ಕೂ ಉಳಿದದ್ದಕ್ಕೂ ತಾಳೆ ಬಿದ್ದಿದೆ.

ಅಪ್ಪನನ್ನು ಆನೈಮಲೈ ರಸ್ತೆಯಲ್ಲಿ ಸ್ವಲ್ಪ ದೂರ ಕರೆದುಕೊಂಡು ಹೋಗಿ ಬಂದೆ. ತೆಂಗಿನ ತೋಟಗಳ ಹತ್ತಿರ ನಿಲ್ಲಿಸಿದಾಗ, ನಾನು ಇಲ್ಲಿ ಬಂದು ಏನು ಮಾಡುತ್ತೇನೆ ಎಂದು ಕೇಳಿದರು. ಓದುತ್ತೇನೆ ಎಂದೆ. ಏನನ್ನು ಎಂದರು. ಕಥೆ ಹೇಳಲು ಶುರು ಮಾಡಿ, ಮನೆಗೆ ಬರುವಷ್ಟರಲ್ಲಿ ಅರ್ಧವೂ ಮುಗಿದಿರಲಿಲ್ಲ.

ಪುಸ್ತಕದ ಚೀಲವನ್ನು ಒಳಗೆ ತಂದು ಕಪಾಟಿನಲ್ಲಿ ಇಟ್ಟೆ. ಅಮ್ಮ ಬೆಳಕಿಗೆ ಹಿಡಿದು ನೋಡಿದ ನೀರಿನ ಲೋಟವನ್ನು ನನ್ನ ಕೈಗೆ ಕೊಟ್ಟು, ಹೋಗದೆ ಅಲ್ಲೇ ನಿಂತಳು.

"ಆ ಸೀಟಿನ ಅಡಿ ಪೂರ್ತಿ ಒಣಗಿತೇನೇ?"

ಒಣಗಿದೆ ಎಂದೆ.

"ಹಾಗಾದ್ರೆ ಮುಂದಿನ ವಾರ ನಾನು."